ದೂರದ ವೈದ್ಯನೂ ಹತ್ತಿರದ ಕೈಯೂ

ಕೆಲವು ದಿನಗಳ ಹಿಂದೆ ಗದಗಿನ ಒಂದು ಸಭೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಬಲು ಉತ್ಸಾಹದಿಂದ ಮಾತನಾಡಿದರು. ಇನ್ನು ಮೇಲೆ ಹಳ್ಳಿಯ ರೋಗಿ ಪಟ್ಟಣಕ್ಕೆ ಅಲೆಯಬೇಕಾಗಿಲ್ಲ, ಮೊಬೈಲಿನ ಪರದೆಯ ಮೇಲೆ ದೊಡ್ಡ ದೊಡ್ಡ ತಜ್ಞರೇ ಮನೆಯ ಬಾಗಿಲಿಗೆ ಬರುತ್ತಾರೆ, ದೂರವೆಂಬುದು ಸತ್ತುಹೋಯಿತು ಎಂದರು. ಸಭಿಕರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎಲ್ಲರೂ ತಟ್ಟುವಾಗ ಒಬ್ಬನೇ ಕೈಕಟ್ಟಿ ಕೂಡುವುದು ಸಭ್ಯತೆಯಲ್ಲವಷ್ಟೆ! ಆದರೆ ಮನೆಯ ದಾರಿ ಹಿಡಿದಾಗ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಕೆಯ ಚೂರಿನಂತೆ ಕಾಡತೊಡಗಿತು.

ಜೊತೆಗೆ ನಡೆಯುತ್ತಿದ್ದ ನನ್ನ ಹಿರಿಯ ಮಿತ್ರರು, ಇಂಗ್ಲಿಷ್ ಅಧ್ಯಾಪಕರಾಗಿದ್ದು ನಿವೃತ್ತರಾದವರು, ಅತಿಥಿಗಳ ಮಾತಿಗೆ ತೀರ ವಿರುದ್ಧವಾದ ತೀರ್ಪು ಕೊಟ್ಟರು. "ನಾಡಿ ಹಿಡಿಯದವನು ಎಂಥಾ ಡಾಕ್ಟರೋ ಮಾರಾಯಾ? ಇದೆಲ್ಲಾ ಬಡವರ ಕಣ್ಣಿಗೆ ಮಣ್ಣೆರಚೂ ಆಟ" ಎಂದರು. ಅವರ ಮಾತಿಗೂ ನಾನು ತಲೆದೂಗಲಾರದೆ ಹೋದೆ. ಈ ಇಬ್ಬರೂ ಹೇಳುವುದು ತಪ್ಪು ಎಂಬುದೇ ನನ್ನ ವಾದ. ನಾನು ವೈದ್ಯನಲ್ಲ, ಹಳಗನ್ನಡದ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೆ ಮೂರು ವರ್ಷ ನನ್ನ ತಾಯಿಯ ಕೈನಡುಕವನ್ನು ಪರದೆಯ ಈಚೆ ಕೂತು ನೋಡಿದ್ದೇನೆ. ಅಷ್ಟರಮಟ್ಟಿನ ಅಧಿಕಾರ ನನಗೆ ಉಂಟೆಂದು ಭಾವಿಸಿದ್ದೇನೆ.

ಮೊದಲು ಮಿತ್ರರ ಮಾತನ್ನೇ ತೆಗೆದುಕೊಳ್ಳೋಣ. ಅವರ ಮನೆಯಿಂದ ಹತ್ತು ನಿಮಿಷ ನಡೆದರೆ ಎರಡು ದವಾಖಾನೆಗಳಿವೆ. ಹುಬ್ಬಳ್ಳಿಯ ತಜ್ಞರನ್ನು ಕಾಣಬೇಕೆಂದರೆ ಅವರ ಮಗನ ಕಾರು ಇದೆ. ನಾಡಿ ಹಿಡಿಯುವ ವೈದ್ಯನನ್ನು ಹೊಗಳುವುದಕ್ಕೆ ಇಷ್ಟು ಅನುಕೂಲವಾದರೂ ಬೇಕು. ನನಗೆ ಗೊತ್ತಿರುವ ಬೆಟಗೇರಿಯ ನೇಕಾರರೊಬ್ಬರ ಮಗನಿಗೆ ಮೂರ್ಛೆರೋಗ. ಮೂರು ತಿಂಗಳಿಗೊಮ್ಮೆ ತಂದೆಮಕ್ಕಳು ರಾತ್ರಿಯ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದರು. ಎರಡು ದಿನ ಮಗ್ಗ ನಿಲ್ಲುತ್ತಿತ್ತು. ಬೆಳಕು ಹರಿಯುವ ಮೊದಲೇ ಚೀಟಿಗಾಗಿ ಪಾಳಿಯಲ್ಲಿ ನಿಂತು, ಮಧ್ಯಾಹ್ನಕ್ಕೆ ವೈದ್ಯರ ಮುಂದೆ ಕೂತರೆ ಸಂದರ್ಶನ ಏಳೆಂಟು ನಿಮಿಷಗಳಲ್ಲಿ ಮುಗಿಯುತ್ತಿತ್ತು. ಎಷ್ಟು ಸಲ ಫಿಟ್ಸ್ ಬಂತು? ಗುಳಿಗೆ ತಪ್ಪಿತೇ? ನಿದ್ದೆ ಹೇಗಿದೆ? ಅದೇ ಗುಳಿಗೆ ಮುಂದುವರಿಸಿ. ಇದರಲ್ಲಿ ನಾಡಿ ಎಲ್ಲಿ ಬಂತು? ಕೇಳಿದ್ದೂ ಬಾಯಿಮಾತು, ಹೇಳಿದ್ದೂ ಬಾಯಿಮಾತು. ಈ ಮಾತುಕತೆಗಾಗಿ ಒಬ್ಬ ನೇಕಾರ ಎರಡು ದಿನದ ಕೂಲಿಯನ್ನೂ ರೈಲಿನ ಖರ್ಚನ್ನೂ ಕಳೆದುಕೊಳ್ಳಬೇಕೆಂದು ಹೇಳುವವರು ಯಾವ ಮಾನವೀಯತೆಯ ಪಕ್ಷ ವಹಿಸಿದ್ದಾರೋ ನಾನರಿಯೆ. ಇನ್ನು ಮುಂಡರಗಿಯವರೂ ಶಿರಹಟ್ಟಿಯವರೂ ರೈಲು ಹತ್ತುವುದಕ್ಕೇ ಮೊದಲು ಬಸ್ಸು ಹತ್ತಬೇಕು. ಹಳ್ಳಿಯವರ ಪಾಡನ್ನು ಹೇಳುವುದೇ ಬೇಡ.

ಮೂರ್ಛೆರೋಗದ ವಿಷಯದಲ್ಲಂತೂ ಒಂದು ವಿಚಿತ್ರವುಂಟು. ವೈದ್ಯನು ರೋಗವನ್ನು ಕಣ್ಣಾರೆ ಕಾಣುವುದು ಬಹು ಅಪರೂಪ. ರೋಗಿ ಅವನ ಮುಂದೆ ಕೂತಾಗ ಎಲ್ಲರಂತೆ ಚೆನ್ನಾಗಿಯೇ ಇರುತ್ತಾನೆ. ರೋಗ ಬಂದಾಗ ಏನಾಯಿತೆಂಬುದು ರೋಗಿಗೂ ತಿಳಿಯದು. ನೋಡಿದವರು ಹೇಳಬೇಕು, ಅದರ ಮೇಲೆ ವೈದ್ಯ ನಿರ್ಣಯಿಸಬೇಕು. ಮುಂಡರಗಿ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹೀಗೆ ಬಂದಾಗ ಮನೆಯವರು ಕೈಗೆ ಕಬ್ಬಿಣ ಕೊಟ್ಟರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಎಂಟನೆಯ ಇಯತ್ತೆಯಲ್ಲಿ ಓದುವ ಅವಳ ತಂಗಿ ಮಾತ್ರ ಮೊಬೈಲಿನಲ್ಲಿ ಚಿತ್ರ ಹಿಡಿದಳು. "ಹುಡಿಗಿಗೆ ಕರುಣಿ ಅನ್ನೂದಿಲ್ಲ" ಎಂದು ಅಜ್ಜಿ ಬೈದಳಂತೆ. ಆ ಒಂದೂವರೆ ನಿಮಿಷದ ಚಿತ್ರವನ್ನು ದೂರದ ತಜ್ಞರು ನೋಡಿ, ತಲೆ ಯಾವ ಕಡೆ ಹೊರಳಿತು, ಯಾವ ಕೈ ಮೊದಲು ಸೆಟೆಯಿತು ಎಂಬುದನ್ನು ಗುರುತಿಸಿ ಔಷಧ ಬರೆದರು. ಕರುಣೆಯಿಲ್ಲದ ಆ ತಂಗಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಬೆಂಗಳೂರಿನ ಸುತ್ತಮುತ್ತ ಡಾಕ್ಟರ್ ಗೌರಿದೇವಿಯವರೂ ಸಂಗಡಿಗರೂ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮೂರ್ಛೆರೋಗ ಪಟ್ಟಣದಲ್ಲಿ ಸಾವಿರಕ್ಕೆ 5.7 ಜನರಿಗಿದ್ದರೆ ಹಳ್ಳಿಯಲ್ಲಿ 11.9 ಜನರಿಗೆ. ರೋಗ ಹಳ್ಳಿಯಲ್ಲಿ ಇಮ್ಮಡಿ. ನರರೋಗದ ತಜ್ಞರು ಎಲ್ಲಿದ್ದಾರೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ದೂರದ ಭೇಟಿಯನ್ನೇ ತೆಗೆದುಹಾಕಬೇಕೆನ್ನುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಹಾಗಾದರೆ ದೂರ ಸತ್ತಿತೆಂದ ಅತಿಥಿಗಳ ಮೇಲೆ ಏಕೆ ಮುನಿಸು? ಅದನ್ನು ಹೇಳಬೇಕಾದರೆ ನನ್ನ ಮನೆಯ ಕತೆಯನ್ನೇ ಹೇಳಬೇಕು.

ನನ್ನ ತಾಯಿ ಲಕ್ಷ್ಮೇಶ್ವರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಎಪ್ಪತ್ತೆರಡು ದಾಟಿದೆ. ಮೂರು ವರ್ಷದ ಕೆಳಗೆ ಅವಳ ಕೈ ನಡುಗಲು ಹತ್ತಿತು. ಹೆಜ್ಜೆ ಸಣ್ಣದಾಯಿತು. ಜೋಳದ ರೊಟ್ಟಿ ಬಡಿಯುವ ಕೈ ಹಿಟ್ಟಿನ ಮೇಲೆ ತಡೆದು ತಡೆದು ಬೀಳತೊಡಗಿತು. ಬೆಂಗಳೂರಿಗೆ ಕರೆದೊಯ್ಯುವ ಬದಲು ಒಂದು ಖಾಸಗಿ ಆಸ್ಪತ್ರೆಯ ತಜ್ಞರನ್ನು ಮೊಬೈಲಿನಲ್ಲಿಯೇ ಕಾಣುವುದೆಂದು ನಾನೇ ಗೊತ್ತುಮಾಡಿದೆ. ಹಣ ಕಟ್ಟಿದ್ದಾಯಿತು, ವೇಳೆ ನಿಗದಿಯಾಯಿತು. ಪಡಸಾಲೆಯಲ್ಲಿ ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿದೆವು. ವೈನಿ ಮೊಬೈಲು ಹಿಡಿದಳು. ಮಾತಿಗೆ ಅಣ್ಣನ ಮಗ, ಕಾಲೇಜಿನಲ್ಲಿ ಓದುವವನು, ನಿಂತ.

ಪರದೆಯ ಆಚೆ ಇದ್ದ ವೈದ್ಯರು ಒಳ್ಳೆಯವರೇ. ಕೈ ಚಾಚಲು ಹೇಳಿದರು, ಬೆರಳಿಗೆ ಬೆರಳು ತಟ್ಟಲು ಹೇಳಿದರು. ಆಮೇಲೆ ನಡೆಸಿ ತೋರಿಸಿರೆಂದರು. ನಮ್ಮ ಪಡಸಾಲೆ ಎಷ್ಟು ಉದ್ದ? ನಾಲ್ಕು ಹೆಜ್ಜೆಗೆ ಹೊಸ್ತಿಲು. ವೈನಿ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿದಳು. ವೈದ್ಯರಿಗೆ ಕಂಡದ್ದು ನಮ್ಮ ಮನೆಯ ಜಂತಿ, ಒಂದಿಷ್ಟು ಸೀರೆಯ ನೆರಿಗೆ. ಹೊಸ್ತಿಲಲ್ಲಿ ಅವ್ವ ಮುಗ್ಗರಿಸಿದಳು. ಅಣ್ಣ ಓಡಿ ಹಿಡಿದ. "ಓಕೆ, ಓಕೆ, ಸಾಕು" ಎಂಬ ಧ್ವನಿ ಕೇಳಿಸಿತು. ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಕೇಳಲಿಲ್ಲವೆಂದು ನಾನು ಆರೋಪ ಹೊರಿಸಲಾರೆ. "ಬಿಪಿ ಗುಳಿಗಿ ಅಷ್ಟ ರೀ" ಎಂದ ಅಣ್ಣನ ಮಗ. ಆರು ನಿಮಿಷಗಳಲ್ಲಿ ಪಾರ್ಕಿನ್ಸನ್ ಎಂದು ಚೀಟಿ ಬಂತು. ಲೆವೊಡೋಪಾ ಗುಳಿಗೆ ಸುರುವಾಯಿತು. ಅವ್ವನಿಗೆ ವಾಕರಿಕೆ ಬಂತೇ ಹೊರತು ನಡುಕ ಕಡಿಮೆಯಾಗಲಿಲ್ಲ. ಎರಡನೆಯ ಭೇಟಿಯಲ್ಲಿ ಗುಳಿಗೆ ಹೆಚ್ಚಾಯಿತು, ಮೂರನೆಯದರಲ್ಲಿ ಇನ್ನಷ್ಟು. ಹೀಗೆ ವರ್ಷ ಕಳೆಯಿತು. "ಏ ತಮ್ಮಾ, ಆ ಡಬ್ಬ್ಯಾಗಿನ ಡಾಕ್ಟರ್ ನನ್ನ ನೋಡ್ಯಾನೋ ಇಲ್ಲೋ?" ಎಂದು ಅವ್ವ ಒಮ್ಮೆ ಕೇಳಿದಳು. ನೋಡಿದ್ದಾರವ್ವಾ ಎಂದೆ.

ಅನಂತರ ಯಾರೋ ಹೇಳಿದರೆಂದು ನಮ್ಮ ಭಾಗದ ಒಂದು ಸರಕಾರಿ ದವಾಖಾನೆಗೆ ಹೋದೆವು. ಅಲ್ಲಿಯೂ ತಜ್ಞರು ಪರದೆಯ ಮೇಲೆಯೇ ಬರುವವರು. ಅದೇ ದೂರ, ಅದೇ ಗಾಜು. ಆದರೆ ಪರದೆಯ ಈಚೆ ಒಬ್ಬ ನರ್ಸಬಾಯಿ ಇದ್ದಳು. ಅವಳಿಗೆ ಈ ಕೆಲಸದ ಒಂದಿಷ್ಟು ತರಬೇತಿಯಾಗಿತ್ತು. ವೈದ್ಯರು ಬರುವ ಮೊದಲೇ ಅವಳು ಅವ್ವನ ಕಂಕುಳಲ್ಲಿದ್ದ ಅರಿವೆಯ ಚೀಲಕ್ಕೆ ಕೈಹಾಕಿ, "ಯಮ್ಮಾ, ಇದರಾಗ ಏನೇನ ಐತಿ ಎಲ್ಲಾ ತಗೀರಿ" ಎಂದು ಮೇಜಿನ ಮೇಲೆ ಸುರುವಿದಳು. ಎಲೆಯಡಿಕೆ ಸಂಚಿ, ಫಕೀರೇಶ್ವರ ಮಠದ ಅಂಗಾರದ ಪೊಟ್ಟಣ, ಬಿಪಿ ಗುಳಿಗೆ, ಅದರ ಕೆಳಗೆ ಇನ್ನೊಂದು ಪಟ್ಟಿ. ನರ್ಸಬಾಯಿ ಆ ಪಟ್ಟಿಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ವೈದ್ಯರು ಮುಂದಕ್ಕೆ ಬಾಗಿ ಹೆಸರು ಓದಿದರು. ಸಿನ್ನರಿಜಿನ್.

ತಲೆಸುತ್ತಿಗೆಂದು ಕೊಡುವ ಗುಳಿಗೆ ಅದು. ಕೆಲವು ದಿನಗಳ ಮಟ್ಟಿಗೆ ಕೊಡಬೇಕಾದ ಆ ಗುಳಿಗೆಯನ್ನು ಅವ್ವ ಎರಡು ವರ್ಷದಿಂದ ನುಂಗುತ್ತಿದ್ದಳು. ಮುದುಕರು ಇದನ್ನೂ ಇದರ ಸೋದರನಾದ ಫ್ಲೂನರಿಜಿನ್ನನ್ನೂ ಬಹುಕಾಲ ತೆಗೆದುಕೊಂಡರೆ ಮೆದುಳಿನ ಡೋಪಮಿನ್ನಿನ ಕೆಲಸಕ್ಕೆ ಅಡ್ಡಿಯಾಗಿ, ಪಾರ್ಕಿನ್ಸನ್ನನ್ನೇ ಹೋಲುವ ನಡುಕವೂ ಬಿಗುಪೂ ಬರುವುದುಂಟು. ಇದು 1980ರ ದಶಕದಿಂದಲೇ ವೈದ್ಯಶಾಸ್ತ್ರಕ್ಕೆ ತಿಳಿದಿರುವ ಸಂಗತಿ. ವೈದ್ಯರು ನರ್ಸಬಾಯಿಗೆ ಹೇಳಿ ಅವ್ವನ ಮಣಿಕಟ್ಟನ್ನು ಮಡಿಚಿ ಬಿಚ್ಚಿಸಿದರು. "ಹಲ್ಲಿನ ಗಾಲಿ ತಿರುವಿಧಂಗ ತಡದು ತಡದು ಬರ್ತೈತ್ರಿ ಸರ್. ಎರಡೂ ಕೈಯಾಗ ಒಂದ ಸಮಾ ಐತಿ" ಎಂದಳು. ಎರಡೂ ಕೈಯಲ್ಲಿ ಸಮನಾಗಿದೆ ಎಂಬ ಆ ಮಾತಿಗೆ ಬೆಲೆಯುಂಟು. ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಕಡೆಯಿಂದ ಸುರುವಾಗುತ್ತದೆ. ಆಮೇಲೆ ಅವಳು ಅವ್ವನ ಹಿಂದೆ ನಿಂತು ಭುಜ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಬಿದ್ದರೆ ಹಿಡಿಯಲು ಅವಳ ತೋಳಿತ್ತು. ವೈದ್ಯರು ಆ ಗುಳಿಗೆಯನ್ನು ನಿಲ್ಲಿಸಿದರು. ಮುಂದೆ ಲೆವೊಡೋಪಾವನ್ನೂ ಹಂತಹಂತವಾಗಿ ಇಳಿಸಿದರು. ನಾಲ್ಕು ತಿಂಗಳಲ್ಲಿ ಅವ್ವನ ಬಿಗುಪು ಬಹುಮಟ್ಟಿಗೆ ಸಡಿಲಿತು. ನಡುಕ ಪೂರ್ತಿ ಹೋಗಿಲ್ಲ. ರೊಟ್ಟಿ ಬಡಿಯುತ್ತಾಳೆ, ಮೊದಲಿನಂತೆ ದುಂಡಗೆ ಬರುವುದಿಲ್ಲ.

ಆ ಗುಳಿಗೆಯ ಪಟ್ಟಿಯನ್ನು ತಿಂಗಳು ತಿಂಗಳು ಅಂಗಡಿಯಿಂದ ಕೊಂಡುಕೊಟ್ಟವರು ಯಾರೆಂದು ಓದುಗರು ಕೇಳಬಹುದು. ನಾನೇ. ಹಳೆಯ ಪಟ್ಟಿ ತೋರಿಸಿ ಹೊಸದನ್ನು ತರುತ್ತಿದ್ದೆ. ಇದು ನನ್ನ ಎಂ.ಎ. ಪದವಿಯ ಪ್ರಯೋಜನ. (ಇದನ್ನು ಓದಿ ಯಾರೂ ತಮ್ಮ ಗುಳಿಗೆಯನ್ನು ತಾವೇ ನಿಲ್ಲಿಸಬಾರದು. ಮೂರ್ಛೆರೋಗದ ಔಷಧವನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ.)

ಈಗ ನನ್ನ ತಕರಾರು ಓದುಗರಿಗೆ ತಿಳಿದಿರಬೇಕು. ಎರಡು ಭೇಟಿಗಳಲ್ಲಿಯೂ ವೈದ್ಯರು ದೂರವೇ ಇದ್ದರು. ಮೊದಲನೆಯದರಲ್ಲಿ ದವಾಖಾನೆಯ ಕೆಲಸವನ್ನೆಲ್ಲ ಸೊಸೆಯ ಮೇಲೆ ಹೊರಿಸಲಾಗಿತ್ತು. ಅವಳೇ ಕಂಪೌಂಡರ, ಅವಳೇ ಕ್ಯಾಮೆರಾ, ಅವಳೇ ಆಯಾ. ಸಂಬಳವಿಲ್ಲ, ತರಬೇತಿಯಿಲ್ಲ, ಅತ್ತೆ ಬಿದ್ದರೆ ಬೈಗುಳವೂ ಅವಳಿಗೇ. ದೂರ ಸತ್ತಿತೆಂದು ಸಭೆಯಲ್ಲಿ ಸಾರುವವರು ಆ ದೂರವನ್ನು ರಸ್ತೆಯಿಂದ ಎತ್ತಿ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟುಹೋಗಿದ್ದಾರೆ.

ಭಾಷೆಯ ಮಾತನ್ನೂ ಇಲ್ಲಿ ಆಡಲೇಬೇಕು. ಅದು ನನ್ನ ಕಸುಬು. ಅವ್ವ ಮೊದಲು ವೈದ್ಯರಲ್ಲಿಗೆ ಹೋದಾಗ ಹೇಳಿದ್ದು "ಚಕ್ಕರ ಬರ್ತೈತಿ" ಎಂದು. ನಮ್ಮ ಸೀಮೆಯಲ್ಲಿ ಚಕ್ಕರ ಎಂದರೆ ಮೂರು ಅರ್ಥ. ಕಣ್ಣಮುಂದಿನ ಗೋಡೆ ಗರಗರ ತಿರುಗುವುದೂ ಚಕ್ಕರವೇ. ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುವುದೂ ಚಕ್ಕರವೇ. ಹೊರಳುವಾಗ ಕಾಲು ಊರದೆ ಜೋಲಿ ಹೋಗುವುದೂ ಚಕ್ಕರವೇ. ಮೂರಕ್ಕೂ ಕಾರಣ ಬೇರೆ, ಔಷಧ ಬೇರೆ. ಹಾಗೆಯೇ ಕೈ ಜೋಮು ಹಿಡಿಯುವುದು ಬೇರೆ, ಕೈಯಲ್ಲಿ ಕಸುವಿಲ್ಲದಿರುವುದು ಬೇರೆ. ನರರೋಗದ ವೈದ್ಯನಿಗೆ ರೋಗಿಯ ಮಾತೇ ಅರ್ಧ ಪರೀಕ್ಷೆ. ಆ ಮಾತು ಮೊಮ್ಮಗನ ಇಂಗ್ಲಿಷಿನ ಜರಡಿಯಲ್ಲಿ ಇಳಿದು "ಗಿಡ್ಡಿನೆಸ್" ಎಂಬ ಒಂದೇ ಕಾಳಾಗಿ ಆಚೆಯ ಊರನ್ನು ಮುಟ್ಟಿದರೆ ವೈದ್ಯನಾದರೂ ಏನು ಮಾಡಿಯಾನು? ಕವಿರಾಜಮಾರ್ಗಕಾರನು ಕನ್ನಡದ ತಿರುಳೆಂದು ಎಣಿಸಿದ ಸೀಮೆಯಲ್ಲಿ ಪುಲಿಗೆರೆಯೂ ಒಂದು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಮುದುಕಿಯ ತಲೆಸುತ್ತನ್ನು ತಿಳಿಯುವುದಕ್ಕೆ ಇಂದು ದುಭಾಷಿ ಬೇಕಾಗಿದೆ.

ಮುಂಡರಗಿ ಕಡೆಯ ಆ ವಿದ್ಯಾರ್ಥಿನಿಯ ಮುಂದಿನ ಕತೆಯನ್ನೂ ಹೇಳಿಬಿಡುತ್ತೇನೆ. ಅವಳಿಗೆ ಮದುವೆಯಾಯಿತು. ಮೂರ್ಛೆರೋಗ ಮದುವೆಗೆ ಅಡ್ಡಿಯೆಂಬ ಮಾತು ಹಿಂದೂ ವಿವಾಹ ಕಾಯಿದೆಯಲ್ಲಿತ್ತು, 1999ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದದ್ದು ಅತ್ತೆಯ ಮನಸ್ಸಿನಿಂದ ಅಷ್ಟು ಬೇಗ ಹೋದೀತೇ? ಗಂಡನ ಮನೆಯಲ್ಲಿ ಇರುವುದು ಒಂದು ಪಡಸಾಲೆ, ಒಂದು ಅಡಿಗೆಮನೆ. ಮೊಬೈಲಿನಲ್ಲಿ ವೈದ್ಯರು, "ಮಕ್ಕಳಾಗುವ ವಿಚಾರವಿದೆಯೇ? ಮುಟ್ಟು ಸರಿಯಾಗಿದೆಯೇ?" ಎಂದು ಕೇಳುತ್ತಾರೆ. ಕೇಳಲೇಬೇಕು, ವಾಲ್‌ಪ್ರೊಯೇಟ್ ಎಂಬ ಔಷಧ ಗರ್ಭದ ಕೂಸಿಗೆ ಹಾನಿ ಮಾಡುವಂಥದು. ಒಲೆಯ ಮುಂದೆ ಅತ್ತೆ ಕೂತಿರುವಾಗ ಆ ಹುಡುಗಿ ಏನೆಂದು ಉತ್ತರ ಕೊಟ್ಟಾಳು? "ಎಲ್ಲಾ ಅರಾಮ ಅದರಿ" ಎಂದು ಮೊಬೈಲು ಇಟ್ಟುಬಿಡುತ್ತಿದ್ದಳಂತೆ. ಮುಚ್ಚಿಕೊಳ್ಳುವ ಒಂದು ಬಾಗಿಲು ಎಲ್ಲ ಯಂತ್ರಗಳಿಗಿಂತ ದೊಡ್ಡ ವೈದ್ಯೋಪಕರಣವೆಂದು ನನಗೆ ಅಂದು ಹೊಳೆಯಿತು.

ನಾನು ಹೇಳುತ್ತಿರುವುದು ಹೊಸ ಮಾತೇನಲ್ಲ. ಆಗ ನಮ್ಮ ಪಕ್ಕದ್ದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಮಾನಸಿಕ ಆರೋಗ್ಯದ ಪ್ರಯೋಗವೊಂದನ್ನು ಸುರುಮಾಡಿತು. ಮೊಬೈಲು ಹುಟ್ಟದ ಕಾಲ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಕೆಲಕಾಲ ತರಬೇತಿ ಕೊಟ್ಟು, ಕೆಲವೇ ಔಷಧಗಳನ್ನು ಕೈಗಿತ್ತು, ಮನೋರೋಗದ ಜೊತೆಗೆ ಮೂರ್ಛೆರೋಗವನ್ನೂ ಅಲ್ಲಲ್ಲಿಯೇ ನೋಡಿಕೊಳ್ಳುವ ಏರ್ಪಾಡು ಮಾಡಲಾಯಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಡಾಕ್ಟರ್ ಕೆ. ಎಸ್. ಮಣಿಯವರೂ ಜೊತೆಗಾರರೂ ಯಳಂದೂರಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಗುಳಿಗೆಗಳನ್ನೇ ಕೊಟ್ಟು, ಪಡೆದ ಫಲವನ್ನು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 2002ರಲ್ಲಿ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿದಾಗಲೂ ರೋಗಿಯ ಕಡೆ ಇದ್ದದ್ದು ಒಂದು ಆಸ್ಪತ್ರೆ, ಒಂದು ಪಡಸಾಲೆಯಲ್ಲ.

ಸರಕಾರದ ಇ-ಸಂಜೀವನಿಯಲ್ಲಿಯೂ ಎರಡು ಬಗೆಯುಂಟು: ಆರೋಗ್ಯ ಕೇಂದ್ರದಲ್ಲಿ ಕಾರ್ಯಕರ್ತೆಯ ಪಕ್ಕದಲ್ಲಿ ಕೂತು ವೈದ್ಯರನ್ನು ಕಾಣುವುದು ಒಂದು, ಮನೆಯಿಂದಲೇ ಕಾಣುವುದು ಇನ್ನೊಂದು. 2023ರ ಫೆಬ್ರವರಿಯ ಹೊತ್ತಿಗೆ ಅದರಲ್ಲಿ ಹತ್ತು ಕೋಟಿ ಸಮಾಲೋಚನೆಗಳಾದುವೆಂದು ಸರಕಾರ ಹೇಳಿತು. ಸಂತೋಷ. ಆದರೆ ಹತ್ತು ಕೋಟಿಯಲ್ಲಿ ಎಷ್ಟು ಜನರ ಚೀಲವನ್ನು ಯಾರಾದರೂ ಮೇಜಿನ ಮೇಲೆ ಸುರುವಿದರು? ನೆಗಡಿಗೆ ಇದು ಬೇಕಾಗಲಿಕ್ಕಿಲ್ಲ. ನರರೋಗಕ್ಕೆ ಬೇಕು. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ ನೋಡಬೇಕು, ಪಾದಕ್ಕೆ ಸೂಜಿ ಮುಟ್ಟಿಸಿ ಕೇಳಬೇಕು, ಬಿಗುಪನ್ನು ಕೈಯಿಂದಲೇ ಅಳೆಯಬೇಕು. 2020ರ ಮಾರ್ಚ್ 25ರಂದು ಕೇಂದ್ರ ಸರಕಾರ ಹೊರಡಿಸಿದ ದೂರವೈದ್ಯದ ಮಾರ್ಗಸೂಚಿಯಲ್ಲಿಯೂ, ಪರದೆಯ ಮೇಲೆ ಸಾಲದೆ ಹೋದರೆ ರೋಗಿಯನ್ನು ನೇರವಾಗಿ ಬರಹೇಳುವ ಹೊಣೆ ವೈದ್ಯನದೇ ಎಂದಿದೆ. ಬರಹೇಳುವುದು ಸುಲಭ, ಎಲ್ಲಿಗೆ ಬರುವುದು? (ಲಕ್ವಾ ಹೊಡೆದವರ ಮಾತು ಬೇರೆ. ಅವರು ಯಾವ ಪರದೆಯ ಮುಂದೆಯೂ ಕೂಡಬಾರದು. 108ಕ್ಕೆ ಹೇಳಿ ಸಿ.ಟಿ. ಯಂತ್ರವಿರುವ ಆಸ್ಪತ್ರೆಗೆ ಓಡಬೇಕು. ಹೆಪ್ಪುಗಟ್ಟಿದ ನೆತ್ತರನ್ನು ಕರಗಿಸುವ ಔಷಧಕ್ಕೆ ಇರುವ ಕಾಲಾವಕಾಶ ನಾಲ್ಕೂವರೆ ತಾಸು.)

2022ರ ಜನವರಿಯಲ್ಲಿ ನಮ್ಮ ರಾಜ್ಯ ಸರಕಾರವೂ ನಿಮ್ಹಾನ್ಸೂ ಕೂಡಿ ಮಿದುಳು ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿದವು. ತಲೆನೋವು, ಮೂರ್ಛೆರೋಗ, ಲಕ್ವಾ, ಮರೆಗುಳಿತನ ಇವನ್ನು ಬೆಂಗಳೂರಿನ ಹೊರಗೂ ನೋಡಿಕೊಳ್ಳುವಂತೆ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ಮೊದಲು ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ತೊಡಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿಸಲಾಯಿತು. ದಾರಿ ಸರಿಯಾದದ್ದೇ. ಆದರೆ ಅದು ಜಿಲ್ಲೆಯ ಮುಖ್ಯ ಸ್ಥಳದಲ್ಲಿ ನಿಂತುಬಿಟ್ಟರೆ ಮುಂಡರಗಿಯ ಹುಡುಗಿಗೆ ಪುನಃ ಪಡಸಾಲೆಯೇ ಗತಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಸರಕಾರಿ ದವಾಖಾನೆಗಳಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಿ, ತರಬೇತಾದ ಒಬ್ಬ ನರ್ಸಬಾಯಿಯನ್ನು ಅದೇ ಕೆಲಸಕ್ಕೆ ನಿಲ್ಲಿಸಿದರೆ ಖಜಾನೆ ಬರಿದಾಗದು. ಬೇಕಾದ ಸಾಮಾನು ಒಂದು ರಬ್ಬರಿನ ಸುತ್ತಿಗೆ, ಹತ್ತು ಹೆಜ್ಜೆ ನಡೆಯುವಷ್ಟು ಜಾಗ, ಒಂದು ಬಾಗಿಲು. ಬರೆದುಕೊಟ್ಟ ಗುಳಿಗೆ ಆ ದವಾಖಾನೆಯಲ್ಲಿಯೇ ಸಿಗಬೇಕು. ಚೀಟಿ ಬೆಂಗಳೂರಿನದು, ಗುಳಿಗೆ ಹುಬ್ಬಳ್ಳಿಯದು ಎಂದಾದರೆ ರೋಗಿ ಉಳಿಸಿದ ರೈಲಿನ ಖರ್ಚು ಬಸ್ಸಿಗೆ ಹೋಯಿತು.

ಇಷ್ಟು ಮಾಡಲು ಸಿಬ್ಬಂದಿ ಎಲ್ಲಿದೆ ಎಂದು ಅಧಿಕಾರಿಗಳು ಕೇಳುತ್ತಾರೆ. ಸಿಬ್ಬಂದಿ ಈಗಲೂ ಇದೆ. ನನ್ನ ವೈನಿ, ಮುಂಡರಗಿಯ ಆ ತಂಗಿ, ಬೆಟಗೇರಿಯ ಆ ನೇಕಾರ, ಇವರೆಲ್ಲ ಸಂಬಳವಿಲ್ಲದ ಸಿಬ್ಬಂದಿಯೇ. ಇವರ ದುಡಿಮೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯುವುದಿಲ್ಲವಾದ್ದರಿಂದ ಯೋಜನೆ ಅಗ್ಗವಾಗಿ ಕಾಣುತ್ತದೆ.

ಅವ್ವನ ಮುಂದಿನ ಭೇಟಿ ಬರುವ ಗುರುವಾರ. ಹೋದ ವಾರ ಅಣ್ಣ ವಿಚಾರಿಸಲು ಹೋದಾಗ ಆ ನರ್ಸಬಾಯಿಗೆ ವರ್ಗವಾಗಿದೆಯೆಂದು ತಿಳಿಯಿತು. ಅವಳ ಜಾಗಕ್ಕೆ ಯಾರು ಬರುತ್ತಾರೆಂದು ಕೇಳಿದರೆ, ಯಾರೂ ಬರುವುದಿಲ್ಲ, ಹೇಗೂ ಡಾಕ್ಟರು ಪರದೆಯ ಮೇಲೆ ಇರುತ್ತಾರಲ್ಲ ಎಂದರಂತೆ. ಅವ್ವ ತನ್ನ ಚೀಲವನ್ನು ಈಗಲೇ ಹುಡುಕಿ ಇಟ್ಟುಕೊಂಡಿದ್ದಾಳೆ. ಅದರಲ್ಲಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡು ಎಂದು ಅಣ್ಣ ನನಗೆ ಹೇಳಿ ಕಳಿಸಿದ್ದಾನೆ; ಬುಧವಾರ ಸಂಜೆಯ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೊರಟಿದ್ದೇನೆ.